ಡೋಲಿ ಹೊರಲು ಎಂಟು ಜನ ಬೇಕು

2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯ ದಿನ, ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಇಂಡಿಗನತ್ತದ ಮತಗಟ್ಟೆಯಲ್ಲಿ ಮತಯಂತ್ರ ಪುಡಿಯಾಯಿತು. ಮೇಜು ಕುರ್ಚಿಗಳು ಮುರಿದವು, ಕಲ್ಲು ತೂರಾಟವಾಯಿತು, ಅಧಿಕಾರಿಗಳಿಗೂ ಪೊಲೀಸರಿಗೂ ಪೆಟ್ಟು ಬಿತ್ತು. ರಸ್ತೆ ಇಲ್ಲ, ನೀರಿಲ್ಲ, ಕರೆಂಟಿಲ್ಲ ಎಂದು ಊರಿನವರು ಮತದಾನ ಬಹಿಷ್ಕರಿಸಿದ್ದರು. ಪಕ್ಕದ ಮೆಂದಾರೆಯ ಸೋಲಿಗ ಬುಡಕಟ್ಟಿನವರು ಮತ ಹಾಕಲು ಬಂದಾಗ ಜಗಳ ಹತ್ತಿಕೊಂಡಿತು. ಮೂರು ದಿನ ಬಿಟ್ಟು ಮರುಮತದಾನ ನಡೆದಾಗ ಬಂದವರು ತೀರಾ ಕಡಿಮೆ. ಬಂಧನದ ಹೆದರಿಕೆಗೆ ಗಂಡಸರು ಕಾಡು ಸೇರಿದ್ದರು, ಊರಿನಲ್ಲಿ ಉಳಿದವರು ವಯಸ್ಸಾದವರು ಮತ್ತು ಕೊಟ್ಟಿಗೆಯ ದನಗಳು.

ಆ ವಾರ ಟಿವಿ ನೋಡಿದವರೆಲ್ಲ ‘ಮಾದಪ್ಪನ ಬೆಟ್ಟದಲ್ಲಿ ಇಂಥ ಊರೂ ಇದೆಯೇ’ ಎಂದು ನನ್ನನ್ನು ಕೇಳಿದರು. ನಮ್ಮದು ಕೊಳ್ಳೇಗಾಲದ ಕಡೆ, ಮಾದಪ್ಪನ (ಮಲೆ ಮಹದೇಶ್ವರನ) ಒಕ್ಕಲು. ಆದ್ದರಿಂದ ಬೆಟ್ಟದ ಬಗ್ಗೆ ಯಾವ ಸುದ್ದಿ ಬಂದರೂ ಉತ್ತರ ಕೊಡುವ ಕೆಲಸ ನನ್ನ ಪಾಲಿಗೆ. ಇದೆ ಎಂದೆ. ಇಂಡಿಗನತ್ತ ಒಂದೇ ಅಲ್ಲ. ಮೆಂದಾರೆ, ಪಡಸಲನತ್ತ, ತುಳಸಿಕೆರೆ, ಮೆದಗನಾಣೆ, ದೊಡ್ಡಾಣೆ, ತೋಕೆರೆ, ಕೊಕ್ಕಬರೆ ಎಂದು ಹೆಸರು ಹೇಳುತ್ತಾ ಹೋದೆ. ಅವರ ಆಸಕ್ತಿ ಮೂರನೆಯ ಹೆಸರಿಗೇ ಮುಗಿದಿತ್ತು.

ಗಲಾಟೆಯನ್ನು ನಾನು ಸಮರ್ಥಿಸುವುದಿಲ್ಲ. ಮತ ಹಾಕಲು ಬಂದ ಸೋಲಿಗರ ಮೇಲೆ ಕೈ ಮಾಡಿದ್ದಂತೂ ನಾಚಿಕೆಗೇಡು, ಅವರ ಕೇರಿಗೂ ಅದೇ ರಸ್ತೆ ಇಲ್ಲ, ಅದೇ ನೀರಿಲ್ಲ. ಆದರೆ ಅಂದಿನಿಂದ ಇಂದಿನವರೆಗೆ ಈ ಊರುಗಳ ಬಗ್ಗೆ ನಡೆದ ಚರ್ಚೆಯಲ್ಲೆಲ್ಲ ಒಂದೇ ಮಾತು ಕೇಳುತ್ತಿದ್ದೇನೆ: ‘ಪಾಪ, ಏನು ಮಾಡುವುದು, ಅದು ಅರಣ್ಯ ಪ್ರದೇಶ, ಕಾನೂನು ಅಡ್ಡ ಬರುತ್ತದೆ.’ ಈ ಮಾತಿನ ಬಗ್ಗೆಯೇ ನನ್ನ ತಕರಾರು. ಉದ್ದವಾಗಿ ಬರೆಯುತ್ತೇನೆ, ಪುರಸೊತ್ತಿದ್ದವರು ಓದಿ.

ಮೊದಲು ಊರುಗಳನ್ನು ನೋಡದವರಿಗಾಗಿ ಸ್ವಲ್ಪ. ತಾಳಬೆಟ್ಟದಿಂದ ತಿರುವುಗಳನ್ನು ಹತ್ತಿ ಬಸ್ಸು ದೇವಸ್ಥಾನದ ಬಳಿ ನಿಲ್ಲುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಬೆಟ್ಟವೆಂದರೆ ಅಲ್ಲಿಗೆ ಮುಗಿಯಿತು. ಮುಡಿ ಕೊಟ್ಟು, ಉರುಳುಸೇವೆ ಮುಗಿಸಿ, ಲಾಡು ತೆಗೆದುಕೊಂಡು ಇಳಿಯುತ್ತೇವೆ. ಆದರೆ ಬೆಟ್ಟಕ್ಕೆ ‘ಎಪ್ಪತ್ತೇಳು ಮಲೆ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ದೇವಸ್ಥಾನದ ಆಚೆಗೆ ಒಂದರ ಹಿಂದೆ ಒಂದು ಮಲೆ, ನಡುವಿನ ಇಳಿಜಾರುಗಳಲ್ಲಿ ಬೇಡಗಂಪಣ ಸಮುದಾಯದ ಊರುಗಳು, ಸೋಲಿಗರ ಪೋಡುಗಳು (ಹಾಡಿಗಳು). ಕೆಲವಕ್ಕೆ ಜೀಪು ತೆವಳಿಕೊಂಡು ಹೋಗುವ ಮಣ್ಣುದಾರಿ ಇದೆ, ದೊಡ್ಡ ಮಳೆ ಬಂದರೆ ಅದೂ ಕಿತ್ತುಕೊಂಡು ಹೋಗುತ್ತದೆ. ಉಳಿದವಕ್ಕೆ ಕಾಲುದಾರಿಯೇ ಗತಿ. ಮಳೆ ನಂಬಿ ಬೆಳೆಯುವ ರಾಗಿ, ಅವರೆ, ಹುರುಳಿ, ಸಾಸಿವೆ. ತೆನೆ ಕಟ್ಟಿದ ಮೇಲೆ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ಆನೆ, ಹಂದಿ ಕಾಯಬೇಕು. ಕಾದವರಿಗೂ ಎಲ್ಲ ವರ್ಷ ರಾಗಿ ಸಿಗುತ್ತದೆ ಎನ್ನುವ ಹಾಗಿಲ್ಲ.

ಈ ಊರುಗಳಿಂದ ಪತ್ರಿಕೆಗೆ ಬರುವ ಸುದ್ದಿ ಹೆಚ್ಚಾಗಿ ಡೋಲಿಯದು. ದೊಡ್ಡಾಣೆಯಿಂದ ಗರ್ಭಿಣಿಯನ್ನು ಡೋಲಿಯಲ್ಲಿ ಸುಳ್ವಾಡಿ ಆಸ್ಪತ್ರೆಗೆ ಹೊತ್ತು ತಂದ ಸುದ್ದಿಯನ್ನು ನೀವೂ ಓದಿರಬಹುದು. ಫೋಟೋ ಬರುತ್ತದೆ, ‘ಅಮಾನವೀಯ’ ಎಂಬ ತಲೆಬರಹ ಬರುತ್ತದೆ, ಒಬ್ಬ ಜನಪ್ರತಿನಿಧಿ ಭರವಸೆ ಕೊಡುತ್ತಾರೆ. ಆದರೆ ಡೋಲಿ ಹೊರುವುದು ಹೇಗೆ ಎಂದು ಯಾರೂ ಬರೆಯುವುದಿಲ್ಲ, ಅದನ್ನು ನಾನು ಬರೆಯುತ್ತೇನೆ.

ಗಟ್ಟಿ ಬಿದಿರಿನ ಗಳ, ಅದಕ್ಕೆ ಎರಡೂ ತುದಿಯಲ್ಲಿ ಗಂಟು ಹಾಕಿದ ಕಂಬಳಿ. ಮುಂದೆ ಇಬ್ಬರು, ಹಿಂದೆ ಇಬ್ಬರು. ಕಡಿದಾದ ಇಳಿಜಾರಿನಲ್ಲಿ ಹೆಗಲು ಬೇಗ ಸೋಲುತ್ತದೆ, ಆದ್ದರಿಂದ ಬದಲಿಗೆ ಇನ್ನೂ ನಾಲ್ವರು ಜೊತೆಯಲ್ಲೇ ನಡೆಯಬೇಕು. ಎತ್ತರ ಒಂದೇ ಸಮ ಇರುವವರನ್ನು ಜೋಡಿ ಮಾಡುತ್ತಾರೆ, ಇಲ್ಲದಿದ್ದರೆ ಗಳ ಕುಳ್ಳಗಿರುವವನ ಕಡೆಗೆ ಜಾರಿ ಅವನ ಕತ್ತಿನ ಮೇಲೇ ಭಾರವೆಲ್ಲ ಬೀಳುತ್ತದೆ. ರಾತ್ರಿಯಾದರೆ ಮುಂದೊಂದು ಹಿಂದೊಂದು ಬ್ಯಾಟರಿ. ಆನೆ ದಾರಿಗೆ ಅಡ್ಡ ನಿಂತಿದ್ದರೆ ಅದು ಸರಿಯುವವರೆಗೆ ಡೋಲಿಯನ್ನು ನೆಲಕ್ಕಿಳಿಸಿ ಕಾಯಬೇಕು. ನೋವು ತಿನ್ನುತ್ತಿರುವ ಹೆಣ್ಣಿಗೆ ‘ಸ್ವಲ್ಪ ಸದ್ದು ಮಾಡಬೇಡ ತಾಯಿ’ ಎಂದು ಬೇಡಿಕೊಂಡದ್ದನ್ನು ಒಬ್ಬರು ನನಗೆ ಹೇಳಿದ್ದರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಚಾರಣಿಗರು ಹೋಗುವ ನಾಗಮಲೆಯ ದಾರಿಯಲ್ಲಿ ಪರಿಚಯವಾದ ಹಿರಿಯರೊಬ್ಬರ ಮನೆಗೆ ನಾನು ಆಗಾಗ ಹೋಗುತ್ತೇನೆ. ಊರಿನ ಹೆಸರು ಬೇಡ. ಹೋದ ಬೇಸಿಗೆಯಲ್ಲಿ ಜಗಲಿಯ ಮೇಲೆ ಕೂತು ಹಿಟ್ಟು, ಉಪ್ಪುಸಾರು ಉಂಡ ಮೇಲೆ ಕೇಳಿದೆ: “ತಾತ, ಈಗಲೂ ಡೋಲಿ ಹೊರುತ್ತೀರಾ?”

“ಡೋಲಿ ಇದೆಯಪ್ಪಾ. ಹೊರುವವರು ಎಲ್ಲಿದ್ದಾರೆ?”

ಅವರ ಇಬ್ಬರು ಮಕ್ಕಳಲ್ಲಿ ಒಬ್ಬ ತಿರುಪ್ಪೂರಿನ ಗಾರ್ಮೆಂಟ್ಸ್‌ನಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿ. ಪಕ್ಕದ ಮನೆಯವರು ಕಲ್ಲುಕೋರೆಗೆ ಹೋಗಿದ್ದಾರೆ. ಹಬ್ಬಕ್ಕೆ ಬರುತ್ತಾರೆ. ಹಬ್ಬ ಬಿಟ್ಟು ಬೇರೆ ದಿನ ಯಾರಿಗಾದರೂ ಹಾವು ಕಚ್ಚಿದರೆ ಎಂಟು ಗಟ್ಟಿ ಹೆಗಲುಗಳನ್ನು ಕೂಡಿಸಲು ಎರಡು ಊರು ಸುತ್ತಬೇಕು. ರಸ್ತೆ ಇಲ್ಲದಿರುವುದು ಹಳೆಯ ಕಷ್ಟ. ಆ ಕಷ್ಟವನ್ನು ಹೇಗೋ ನಿಭಾಯಿಸಲು ಊರು ಕಟ್ಟಿಕೊಂಡಿದ್ದ ವ್ಯವಸ್ಥೆಯೂ ಈಗ ಇಲ್ಲವಾಗುತ್ತಿದೆ. ‘ಶತಮಾನಗಳಿಂದ ಹೀಗೆಯೇ ಬದುಕಿದ್ದಾರೆ, ಅವರಿಗೆ ಅಭ್ಯಾಸ’ ಎನ್ನುವವರು ಇದನ್ನು ಗಮನಿಸಬೇಕು.

ಬಸುರಿಯರು ತಿಂಗಳು ತುಂಬುವ ಮೊದಲೇ ರಸ್ತೆ ಇರುವ ಊರಿನ ನೆಂಟರ ಮನೆಗೆ ಇಳಿಯುತ್ತಾರೆ. ಆಶಾ ಕಾರ್ಯಕರ್ತೆಯರು ಒತ್ತಾಯ ಮಾಡಿ ಇಳಿಸುತ್ತಾರೆ, ಒಳ್ಳೆಯದೇ. ಆದರೆ ನೆಂಟರ ಮನೆ ಎಷ್ಟು ದಿನ ನೆಂಟರ ಮನೆಯಾಗಿ ಉಳಿಯುತ್ತದೆ? ಮೇಲೆ ಬಿಟ್ಟು ಬಂದ ದೊಡ್ಡ ಮಗುವನ್ನು, ದನವನ್ನು ನೋಡುವವರು ಯಾರು? ಅದಕ್ಕೇ ಕೆಲವರು ನಾಳೆ ಇಳಿದರಾಯಿತು, ನಾಡಿದ್ದು ಇಳಿದರಾಯಿತು ಎನ್ನುತ್ತಾ ನೋವು ಶುರುವಾಗುವವರೆಗೆ ಅಲ್ಲಿಯೇ ಉಳಿಯುತ್ತಾರೆ. ಬೆಟ್ಟದ ಮೇಲೆ ಭಕ್ತರಿಗೆ ವಸತಿಗೃಹಗಳಿವೆ. ಹಬ್ಬದ ದಿನ ಬಿಟ್ಟರೆ ಅಲ್ಲಿ ನಾಲ್ಕು ಕೋಣೆಗಳನ್ನು ದಿನ ತುಂಬಿದ ಬಸುರಿಯರಿಗೆಂದು ಬಿಟ್ಟುಕೊಡಲು ಯಾವ ಕಾಡಿನ ಕಾನೂನೂ ಅಡ್ಡ ಬರುವುದಿಲ್ಲ.

ನೀರಿನ ಕಥೆಯೂ ರಸ್ತೆಯ ಕಥೆಯೇ. ಕೊಳವೆಬಾವಿ ಕೊರೆಯುವ ಲಾರಿ ಬರಲು ದಾರಿ ಇಲ್ಲ, ಆದ್ದರಿಂದ ಬಾವಿ ಇಲ್ಲ. ಬೇಸಿಗೆಯಲ್ಲಿ ಹಳ್ಳದ ಗುಂಡಿಯಲ್ಲಿ ಊರುವ ನೀರನ್ನು ಬಿಂದಿಗೆಗೆ ತುಂಬಲು ಹೆಂಗಸರು ಬೆಳಗಿನ ಜಾವ ಎದ್ದು ಹೋಗುತ್ತಾರೆ. ಮನೆ ಮಂಜೂರಾದರೂ ಕಟ್ಟಲಾಗದವರಿದ್ದಾರೆ, ಸಿಮೆಂಟಿನ ಮೂಟೆಗೆ ಕೊಟ್ಟ ದುಡ್ಡಿಗಿಂತ ಅದನ್ನು ಮೇಲೆ ತರಿಸಲು ಕೊಡುವ ಕೂಲಿ ಹೆಚ್ಚು ಎನ್ನುತ್ತಾರೆ. ದೀಪಾವಳಿಯಲ್ಲಿ ಮಾದಪ್ಪನಿಗೆ ಹಾಲರವೆ ಉತ್ಸವ ನಡೆಯುತ್ತದೆಯಲ್ಲ, ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಉಪವಾಸವಿದ್ದು ಹಾಲಹಳ್ಳದಿಂದ ಕಳಶದಲ್ಲಿ ನೀರು ಹೊತ್ತು ತರುತ್ತಾರೆ, ನಾವು ದಾರಿಯ ಎರಡೂ ಬದಿ ನಿಂತು ಕೈ ಮುಗಿಯುತ್ತೇವೆ. ದೇವರ ಪೂಜೆಗೆ ನಿಂತಿರುವ ತಮ್ಮಡಿಗಳೂ ಅದೇ ಸಮುದಾಯದವರು. ದೇವಸ್ಥಾನದ ಹುಂಡಿ ಎಣಿಕೆ ಎರಡು ಕೋಟಿ ದಾಟಿತು ಎಂಬ ಸುದ್ದಿ ಈಗ ಸುದ್ದಿಯೇ ಅಲ್ಲ. 2023ರ ಮಾರ್ಚ್‌ನಲ್ಲಿ 108 ಅಡಿಯ ಮಾದಪ್ಪನ ಪ್ರತಿಮೆಯೂ ಉದ್ಘಾಟನೆಯಾಯಿತು. ಚೆನ್ನಾಗಿದೆ, ನಾನೂ ನೋಡಿ ಬಂದೆ, ಮಕ್ಕಳಿಗೆ ಖುಷಿಯಾಯಿತು. ಇಷ್ಟು ದೊಡ್ಡ ಕೆಲಸಕ್ಕೆ ಬೆಟ್ಟದ ಮೇಲೆ ಸಾಮಗ್ರಿ ಸಾಗಿಸಲು ಸಾಧ್ಯವಾಯಿತು ಎಂಬುದನ್ನು ಮಾತ್ರ ನೆನಪಿನಲ್ಲಿಡಿ.

ಈಗ ಕಾನೂನಿಗೆ ಬರುತ್ತೇನೆ. ಮಲೆ ಮಹದೇಶ್ವರ ವನ್ಯಜೀವಿಧಾಮ ಘೋಷಣೆಯಾದದ್ದು 2013ರಲ್ಲಿ, ಸುಮಾರು 900 ಚದರ ಕಿಲೋಮೀಟರ್. ಅದಕ್ಕೆ ಮೊದಲು ಈ ಊರುಗಳಿಗೆ ರಸ್ತೆ ಇತ್ತೇ? ಇರಲಿಲ್ಲ. ಆಗ ಹೇಳುತ್ತಿದ್ದ ಕಾರಣ ಬೇರೆ, ಕಾಡುಗಳ್ಳ ವೀರಪ್ಪನ್. ಅವನ ಕಾಲದಲ್ಲಿ ಈ ಊರುಗಳ ಜನ ಎರಡು ಕಡೆಯಿಂದಲೂ ನರಳಿದರು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ ಅವನು 22 ಜನರನ್ನು ಕೊಂದ ಮೇಲೆ ಅವನನ್ನು ಹಿಡಿಯಲು ಬಂದಿದ್ದ ಪೊಲೀಸ್ ಕಾರ್ಯಪಡೆಯ ಶೋಧ ಇನ್ನಷ್ಟು ಬಿಗಿಯಾಯಿತು. ಅನ್ನ ಕೊಟ್ಟರೆ ಕಾರ್ಯಪಡೆ ಹಿಡಿಯುತ್ತಿತ್ತು, ಕೊಡದಿದ್ದರೆ ಅವನು ಬಿಡುತ್ತಿರಲಿಲ್ಲ. ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯಡಿ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತವರಿದ್ದಾರೆ. ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿಯನ್ನೇ ನೇಮಿಸಬೇಕಾಯಿತು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ. ಆಮೇಲಿನ ಒಂಬತ್ತು ವರ್ಷ ಇವನೂ ಇರಲಿಲ್ಲ, ವನ್ಯಜೀವಿಧಾಮವೂ ಇರಲಿಲ್ಲ. ಆ ಒಂಬತ್ತು ವರ್ಷದಲ್ಲಿ ಯಾಕೆ ಆಗಲಿಲ್ಲ? ಯಾರಾದರೂ ಉತ್ತರ ಹೇಳಿದರೆ ನಾನು ಈ ಬರಹವನ್ನು ಅಳಿಸಿಬಿಡುತ್ತೇನೆ.

ಇನ್ನು 2006ರ ಅರಣ್ಯ ಹಕ್ಕು ಕಾಯ್ದೆ. ಅದರ 3(2)ನೇ ಕಲಂ ಅನ್ನು ನಮ್ಮ ಹೋರಾಟಗಾರರೂ ಸರಿಯಾಗಿ ಓದಿಲ್ಲವೇನೋ ಎನಿಸುತ್ತದೆ. ಕಾಡಿನೊಳಗೆ ವಾಸಿಸುವ ಜನರಿಗಾಗಿ ಸರ್ಕಾರ ನಡೆಸುವ 13 ಬಗೆಯ ಸೌಲಭ್ಯಗಳಿಗೆ ಅರಣ್ಯ ಭೂಮಿಯನ್ನು ಬಳಸಬಹುದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಶಾಲೆ, ಅಂಗನವಾಡಿ, ಆಸ್ಪತ್ರೆ, ನ್ಯಾಯಬೆಲೆ ಅಂಗಡಿ, ವಿದ್ಯುತ್ ಮತ್ತು ದೂರವಾಣಿ ತಂತಿ, ಕುಡಿಯುವ ನೀರು, ರಸ್ತೆ, ಎಲ್ಲವೂ ಆ ಪಟ್ಟಿಯಲ್ಲಿವೆ. ಷರತ್ತುಗಳು ಎರಡು ಮೂರು: ಒಂದೊಂದಕ್ಕೂ ಬೇಕಾಗುವ ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿರಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ದೆಹಲಿಯ ಅನುಮತಿಗೆ ಅಲೆಯುವುದು ಬೇಡವೆಂದೇ ಈ ಕಲಂ ಬರೆದದ್ದು.

ಒಂದು ಹೆಕ್ಟೇರ್ ಎಂದರೆ ಲೆಕ್ಕ ಹಾಕಿ ನೋಡಿ. ಹತ್ತು ಸಾವಿರ ಚದರ ಮೀಟರ್. ಮೂರು ಮೀಟರ್ ಅಗಲದ ಜೀಪಿನ ದಾರಿ ಸುಮಾರು ಮೂರು ಕಿಲೋಮೀಟರ್ ಹೋಗುತ್ತದೆ. ಎಂಟು ಕಿಲೋಮೀಟರ್ ದೂರದ ಊರಿಗೆ ಇದು ಸಾಲದು, ಒಪ್ಪುತ್ತೇನೆ. ಆದರೆ ಇರುವ ಮಣ್ಣುದಾರಿಯಲ್ಲಿ ನೀರು ಕೊರೆಯುವ ಕಡೆ ಕಲ್ಲು ಹಾಸುವುದು, ಹಳ್ಳ ದಾಟಲು ಮೋರಿ ಕಟ್ಟುವುದು, ತೀರಾ ಕಡಿದಾದ ಕಡೆ ಕಾಂಕ್ರೀಟ್ ಹಾಕುವುದು ಇದರೊಳಗೆ ಬಾರದೇ? ಇವರು ಕೇಳುತ್ತಿರುವುದು ಚತುಷ್ಪಥ ಹೆದ್ದಾರಿಯಲ್ಲ. ರಾತ್ರಿ ಎರಡು ಗಂಟೆಗೆ ಜೀಪು ಬಂದು ನಿಲ್ಲುವಷ್ಟು ದಾರಿ. ಇದನ್ನು ಹೇಳಿದಾಗಲೆಲ್ಲ ಅರಣ್ಯದವರು ಕಂದಾಯದವರನ್ನು ತೋರಿಸುತ್ತಾರೆ, ಕಂದಾಯದವರು ಪಂಚಾಯಿತಿಯನ್ನು ತೋರಿಸುತ್ತಾರೆ, ಪಂಚಾಯಿತಿಯವರು ಕಾಡಿನ ಕಡೆ ಕೈ ಮಾಡುತ್ತಾರೆ.

ಒಳ್ಳೆಯದು ನಡೆದೇ ಇಲ್ಲ ಎನ್ನಲಾರೆ. ಅರಣ್ಯ ಇಲಾಖೆಯೇ ‘ಜನ-ವನ’ ಎಂಬ ಹೆಸರಿನಲ್ಲಿ ಜೀಪುಗಳನ್ನು ಓಡಿಸಲು ಶುರು ಮಾಡಿದಾಗ ಶಾಲೆಯ ಮಕ್ಕಳಿಗೆ, ಬೆಟ್ಟದ ಸಂತೆಗೆ ಬರುವವರಿಗೆ ಎಷ್ಟು ಅನುಕೂಲವಾಯಿತೆಂದು ಅವರ ಬಾಯಲ್ಲೇ ಕೇಳಿದ್ದೇನೆ. ಅಂದರೆ ಜನರಿಗೆ ಬೇಕಾದದ್ದನ್ನು ಕಾಡಿನ ಇಲಾಖೆಯೇ ಕಾಡು ಕೆಡಿಸದೆ ಮಾಡಬಲ್ಲದು. ಆದರೆ ಸಣ್ಣ ತರಗತಿಗಳು ಮುಗಿದ ಮೇಲೆ ಮಗು ದೂರದ ಶಾಲೆಗೆ ಹೋಗಬೇಕು, ಹಾಸ್ಟೆಲ್ ಸಿಕ್ಕರೆ ಸರಿ, ಸಿಗದಿದ್ದರೆ ಹೆಣ್ಣುಮಗುವಿನ ಓದು ಅಲ್ಲಿಗೆ ನಿಲ್ಲುತ್ತದೆ. ಇದು ಜೀಪು ಕೆಟ್ಟು ನಿಂತ ವಾರವೇ ಗೊತ್ತಾಗುತ್ತದೆ.

ಇಲ್ಲಿಗೆ ಬಂದಾಗ ಹುಲಿಯ ಮಾತು ಬರಲೇಬೇಕು. 2025ರ ಜೂನ್ 26ರಂದು ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹಸುವನ್ನು ಕೊಂದ ಹುಲಿಯ ಮೇಲಿನ ಸಿಟ್ಟಿಗೆ ಆ ಹಸುವಿನ ಕಳೇಬರಕ್ಕೆ ವಿಷ ಹಾಕಿದ ಆರೋಪದಲ್ಲಿ ಸ್ಥಳೀಯರ ಬಂಧನವಾಯಿತು. ಆ ಐದು ದೇಹಗಳ ಫೋಟೋ ನೋಡಿ ನನಗೆ ಎರಡು ದಿನ ಊಟ ಸೇರಲಿಲ್ಲ. ಶಿಕ್ಷೆ ಆಗಲೇಬೇಕು. ಮಾದಪ್ಪ ಹುಲಿಯ ಮೇಲೆ ಕೂತ ದೇವರು, ಆ ನೆಲದಲ್ಲೇ ಹೀಗಾಯಿತಲ್ಲ ಎಂದು ನನ್ನ ತಾಯಿ ಹಲುಬಿದರು.

ಆದರೆ ಆಮೇಲೆ ನಡೆದದ್ದೇನು? ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಷೇಧಿಸುವ ಆದೇಶದ ಮಾತು ಬಂತು. ಈ ಮಲೆಯ ಜನ ದನ ಸಾಕುವುದು ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕೆ, ಹೊಲ ಉಳಲು. ಕಾಡಿನ ದೊಡ್ಡಿಗಳಲ್ಲಿ ದನ ಕೂಡುವುದು ಇವರಿಗೆ ನಿನ್ನೆ ಮೊನ್ನೆ ಕಲಿತ ಕಸುಬಲ್ಲ. ಹೊರಗಿನ ಶ್ರೀಮಂತರು ಕೂಲಿಯವರನ್ನಿಟ್ಟು ನೂರಾರು ದನ ಬಿಡುವುದನ್ನು ತಡೆಯಿರಿ, ಯಾರೂ ಬೇಡ ಎನ್ನುವುದಿಲ್ಲ. ಮನೆಗೆ ನಾಲ್ಕು ದನ ಇರುವವನಿಗೂ ಅದೇ ಕೋಲು ಬೀಸಿದರೆ ಅವನಿಗೂ ಕಾಡಿಗೂ ಇದ್ದ ಕೊನೆಯ ನಂಟು ಹರಿಯುತ್ತದೆ. ಹುಲ್ಲು ಬೆಳೆಯುತ್ತಿದ್ದ ಜಾಗವನ್ನೆಲ್ಲ ಲಂಟಾನ ಎಂಬ ಕಳೆಗಿಡ ನುಂಗಿದೆ, ಜಿಂಕೆಗೂ ಮೇವಿಲ್ಲ, ದನಕ್ಕೂ ಇಲ್ಲ. ಆ ಲಂಟಾನವನ್ನು ಕಡಿದು ಕುರ್ಚಿ, ಬುಟ್ಟಿ ಮಾಡುವ ಕಸುಬನ್ನು ಇದೇ ಬೆಟ್ಟದ ಸೋಲಿಗರು ಕಲಿತು ತೋರಿಸಿದ್ದಾರೆ. ಆನೆಯ ನಿಜಗಾತ್ರದ ಪ್ರತಿಮೆಗಳನ್ನೂ ಮಾಡಿದ್ದಾರೆ. ಹುಲಿ ದನ ಹಿಡಿದಾಗ ಪರಿಹಾರ ವಾರದೊಳಗೆ ಕೈಗೆ ಬಂದರೆ ವಿಷದ ಡಬ್ಬಿಯ ಕಡೆ ಕೈ ಹೋಗುವುದು ಕಡಿಮೆಯಾಗುತ್ತದೆ ಎಂಬುದು ನನ್ನ ನಂಬಿಕೆ. ತಿಂಗಳುಗಟ್ಟಲೆ ಓಡಾಡಿಸಿ, ಫೋಟೋ ಸರಿಯಿಲ್ಲ, ದೃಢೀಕರಣ ಸರಿಯಿಲ್ಲ ಎಂದರೆ ಹಸು ಕಳೆದುಕೊಂಡವನ ಮನಸ್ಸು ಏನಾಗಬೇಕು?

‘ಇಷ್ಟೆಲ್ಲ ಯಾಕೆ, ಎಲ್ಲರನ್ನೂ ಕೆಳಗೆ ಕರೆದುಕೊಂಡು ಬಂದು ಮನೆ ಕಟ್ಟಿಕೊಡಿ’ ಎಂದು ಕಮೆಂಟ್ ಹಾಕಲು ಕೆಲವರು ಈಗಾಗಲೇ ಸಿದ್ಧರಾಗಿರುತ್ತೀರಿ. ಸ್ಥಳಾಂತರಕ್ಕೆ ನಾನು ವಿರೋಧಿಯಲ್ಲ. ಹೋಗುತ್ತೇವೆ ಎನ್ನುವವರನ್ನು ಹಿಡಿದಿಡುವ ಹಕ್ಕು ಯಾರಿಗೂ ಇಲ್ಲ. ಇದೇ ಬೆಟ್ಟದ ಚಂಗಡಿ ಎಂಬ ಊರಿನವರು ತಾವಾಗಿಯೇ ಒಪ್ಪಿದರು. ಒಪ್ಪಿದ ಮೇಲೂ ವರ್ಷಗಟ್ಟಲೆ ಕಾದರು. ಇನ್ನೊಂದು ಕಡೆ, ಈ ವನ್ಯಜೀವಿಧಾಮವನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವವೂ ವರ್ಷಗಳಿಂದ ತೂಗಾಡುತ್ತಿದೆ. ಹುಲಿ ಯೋಜನೆಯ ಸ್ಥಳಾಂತರದಲ್ಲಿ ಕುಟುಂಬಕ್ಕೆ 15 ಲಕ್ಷ ರೂಪಾಯಿ ಎಂದು 2021ರಲ್ಲಿ ನಿಗದಿಯಾಗಿದೆ. ಇಂದು ಹನೂರಿನ ಸುತ್ತ ಆ ದುಡ್ಡಿಗೆ ನೀರಾವರಿ ಜಮೀನು, ಮನೆ ಎರಡೂ ಸಿಗುತ್ತದೆಯೇ ಎಂದು ಯಾವ ದಲ್ಲಾಳಿಯನ್ನಾದರೂ ಕೇಳಿ ನೋಡಿ.

ಹೋಗುವವರಿಗಿಂತ ಹೋಗದವರ ಪರಿಸ್ಥಿತಿ ಇನ್ನೂ ವಿಚಿತ್ರ. ‘ಹೇಗೂ ಸ್ಥಳಾಂತರ ಆಗುತ್ತದೆ’ ಎಂಬ ಒಂದು ಮಾತಿನ ಮೇಲೆ ಅಂಗನವಾಡಿ ಕಟ್ಟಡ ನಿಲ್ಲುತ್ತದೆ, ಶಿಕ್ಷಕರ ಹುದ್ದೆ ಖಾಲಿ ಉಳಿಯುತ್ತದೆ, ದಾರಿಯ ದುರಸ್ತಿ ಮುಂದಕ್ಕೆ ಹೋಗುತ್ತದೆ. ಸ್ಥಳಾಂತರವೂ ಆಗುವುದಿಲ್ಲ. ಹೀಗೆ ಇಪ್ಪತ್ತು ವರ್ಷ ಕಾಯಿಸಿ, ಊರಿನಲ್ಲಿ ಹೆಣ್ಣು ಕೊಡುವವರಿಲ್ಲದಂತೆ ಮಾಡಿ, ಹರೆಯದವರೆಲ್ಲ ತಿರುಪ್ಪೂರಿಗೆ ಹೋದ ಮೇಲೆ ‘ನೋಡಿ, ಅವರೇ ಒಪ್ಪಿದರು’ ಎಂದರೆ ಆ ಒಪ್ಪಿಗೆಗೆ ಸ್ವಯಂಪ್ರೇರಿತ ಎಂಬ ಹೆಸರು ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಚಾರಣಿಗರಿಗೂ ಒಂದು ಮಾತು. ನಾಗಮಲೆಗೆ ಹೋಗಿ ಬಂದು ‘ನೆಟ್‌ವರ್ಕ್ ಇಲ್ಲ, ಟೆನ್ಶನ್ ಇಲ್ಲ, ಬದುಕಿದರೆ ಹೀಗೆ ಬದುಕಬೇಕು’ ಎಂದು ಮಣ್ಣಿನ ಗೋಡೆಯ ಮನೆಯ ಮುಂದೆ ನಿಂತ ಫೋಟೋ ಹಾಕುತ್ತೀರಿ. ಆ ಮನೆಯವರು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುತ್ತಾರೆ, ಜೀಪಿನವನಿಗೆ ಫೋನ್ ಮಾಡಲು. ಮಜ್ಜಿಗೆ ಕೊಟ್ಟರೆ ದುಡ್ಡು ಕೊಟ್ಟು ಕುಡಿಯಿರಿ, ಪ್ಲಾಸ್ಟಿಕ್ಕನ್ನು ವಾಪಸು ತನ್ನಿ, ಉಪದೇಶವನ್ನು ಅಲ್ಲಿ ಬಿಟ್ಟು ಬರಬೇಡಿ.

2025ರ ಏಪ್ರಿಲ್ 24ರಂದು ರಾಜ್ಯದ ಸಚಿವ ಸಂಪುಟವೇ ಬೆಟ್ಟಕ್ಕೆ ಬಂದು ಸಭೆ ನಡೆಸಿತು. ಜಿಲ್ಲೆಗೆ ಹಲವು ಯೋಜನೆಗಳ ಘೋಷಣೆಯಾಯಿತು, ಸಂತೋಷ. ಆದರೆ ಘೋಷಣೆಗೂ ಕೆಲಸಕ್ಕೂ ನಡುವೆ ಒಂದು ಕಾಗದ ಬೇಕಾಗುತ್ತದೆ, ಅದನ್ನು ಬರೆಯುವವರಿಲ್ಲದೆ ಎಷ್ಟೋ ಕೆಲಸಗಳು ಸಾಯುತ್ತವೆ. ಹೋದ ಸಲ ತಾತನ ಜಗಲಿಯ ಮೇಲೆ ಇದನ್ನೇ ಮಾತನಾಡಿದೆವು. 3(2)ರ ಬಗ್ಗೆ ಓದಿ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ: “ಸ್ವಾಮಿ, ಇದನ್ನು ಯಾರಿಗೆ ಬರೆದುಕೊಡಬೇಕು?”

ಅದಕ್ಕೇ ಕೇಳುತ್ತಿದ್ದೇನೆ. ಗ್ರಾಮಸಭೆ ಕರೆಸಿ, ಸರಿಯಾದ ನಡಾವಳಿ ಬರೆಸಿ, ದಾರಿಯ ಅಳತೆ ಮತ್ತು ಮರಗಳ ಲೆಕ್ಕದ ಸಮೇತ ಅರಣ್ಯ ಇಲಾಖೆಗೆ ಪ್ರಸ್ತಾವ ಸಲ್ಲಿಸಿದ ಅನುಭವ ಇರುವ ವಕೀಲರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ನಿವೃತ್ತ ಅರಣ್ಯಾಧಿಕಾರಿಗಳು ನನ್ನ ಸ್ನೇಹಿತರ ಪಟ್ಟಿಯಲ್ಲಿದ್ದರೆ ಇನ್‌ಬಾಕ್ಸ್‌ಗೆ ಬರೆಯಿರಿ. ಬಿ.ಆರ್. ಹಿಲ್ಸ್ ಕಡೆಯ ಸೋಲಿಗರ ಜೊತೆ ಅರಣ್ಯ ಹಕ್ಕಿನ ಕೆಲಸ ಮಾಡಿದವರಿದ್ದರೆ ಇನ್ನೂ ಒಳ್ಳೆಯದು. ಹೋಗಿ ಬರುವ ಜೀಪಿನ ಬಾಡಿಗೆ ನನ್ನದು, ಊಟ ತಾತನ ಮನೆಯಲ್ಲಿ. ಮುಂಗಾರು ಹಿಡಿದರೆ ದಾರಿ ಅಳೆಯಲು ಆಗುವುದಿಲ್ಲ, ಅದರೊಳಗೆ ಬಂದರೆ ಒಳ್ಳೆಯದು.